ನಿಂತ ಚಿತ್ರ, ನಡೆಯುವ ನೋಟ

ಬೆಳಗಾವಿ ನಗರದ ಟಿಳಕವಾಡಿಯಲ್ಲಿ ವೀರಸೌಧವೆಂಬ ಸ್ಮಾರಕವಿದೆ. 1924ನೆಯ ಇಸವಿಯ ಡಿಸೆಂಬರ್ 26 ಮತ್ತು 27ರಂದು ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ 39ನೆಯ ಅಧಿವೇಶನ ನಡೆದ ನೆಲವದು. ಮಹಾತ್ಮಾ ಗಾಂಧೀಜಿಯವರು ತಮ್ಮ ಜೀವಮಾನದಲ್ಲಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ಅಂದು ಅಧಿವೇಶನದ ಸ್ಥಳಕ್ಕೆ ವಿಜಯನಗರವೆಂದು ಹೆಸರಿಟ್ಟಿದ್ದರು. ನೆರೆದ ಜನರ ನೀರಿನ ಅಗತ್ಯಕ್ಕಾಗಿ ತೋಡಿದ ಬಾವಿಯನ್ನು ಪಂಪಾ ಸರೋವರವೆಂದು ಕರೆದರು. ಆ ದಿನಗಳ ಛಾಯಾಚಿತ್ರಗಳು ಇಂದಿಗೂ ಉಳಿದಿವೆ.

ಇಂತಹ ಹಳೆಯ ಚಿತ್ರವೊಂದರ ಮುಂದೆ ನಿಂತವರನ್ನು ಸ್ವಲ್ಪ ಹೊತ್ತು ಗಮನಿಸಿ. ಮೊದಲು ಅವರ ಕಣ್ಣು ನಡುವೆ ಕುಳಿತ ನಾಯಕರ ಮೇಲೆ ನಿಲ್ಲುತ್ತದೆ. ಬಳಿಕ ಅಕ್ಕಪಕ್ಕದವರತ್ತ ಸರಿಯುತ್ತದೆ. ಆಮೇಲೆ ಹಿಂದಿನ ಸಾಲಿನ ತಲೆಗಳ ಮೇಲೆ ಹಾದು, ಮೂಲೆಯಲ್ಲಿ ನಿಂತ ಯಾವನೋ ಸ್ವಯಂಸೇವಕನ ಟೋಪಿಯ ಬಳಿ ಬಂದು ತಂಗುತ್ತದೆ. ಕೆಲವರು ಹತ್ತಿರಕ್ಕೆ ಬಾಗಿ ಒಂದು ಮುಖವನ್ನು ದಿಟ್ಟಿಸುತ್ತಾರೆ. ಮತ್ತೆ ಹಿಂದೆ ಸರಿದು ಇಡೀ ಚಿತ್ರವನ್ನು ನೋಡುತ್ತಾರೆ. ಚಿತ್ರ ನಿಂತಿದೆ, ನೋಟ ನಡೆಯುತ್ತಿದೆ.

ಈ ನಡಿಗೆಯನ್ನೇ ಚಲನಚಿತ್ರಕಾರರು ತಮ್ಮ ಕಲೆಗೆ ಬಳಸಿಕೊಂಡರು. ಚಿತ್ರದ ಮೇಲೆ ನೋಟವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುವುದನ್ನು 'ಪ್ಯಾನ್' ಎಂದೂ, ಹತ್ತಿರಕ್ಕೆ ಬರುವುದನ್ನು ಅಥವಾ ದೂರ ಸರಿಯುವುದನ್ನು 'ಜೂಮ್' ಎಂದೂ ಕರೆಯುತ್ತಾರೆ. ಮದುವೆಯ ವಿಡಿಯೋಗಳಲ್ಲಿ, ಶಾಲಾ ವಾರ್ಷಿಕೋತ್ಸವದ ಚಿತ್ರಮಾಲಿಕೆಗಳಲ್ಲಿ, ದೂರದರ್ಶನದ ಸಾಕ್ಷ್ಯಚಿತ್ರಗಳಲ್ಲಿ ನೀವು ಇದನ್ನು ಕಂಡಿದ್ದೀರಿ. ಇಂದು ಈ ಕೆಲಸವನ್ನು ಗಣಕಯಂತ್ರವು ತಾನೇ ಮಾಡಬಲ್ಲುದು. ಅದು ಹೇಗೆ ಮಾಡುತ್ತದೆ? ಅದಕ್ಕೆ ಬಿಟ್ಟುಕೊಡಬಹುದಾದುದು ಎಷ್ಟು, ನಾವೇ ಇಟ್ಟುಕೊಳ್ಳಬೇಕಾದುದು ಎಷ್ಟು? ಇವನ್ನು ವಿಚಾರಿಸುವುದೇ ಈ ಪಾಠದ ಉದ್ದೇಶ.

ಗಣಕಯಂತ್ರ ಬರುವುದಕ್ಕೆ ಮುಂಚೆ ಇದು ಬಹು ತಾಳ್ಮೆಯ ಕೆಲಸವಾಗಿತ್ತು. ಛಾಯಾಚಿತ್ರವನ್ನು ಮೇಜಿನ ಮೇಲೆ ಹರಡಿ, ಅದರ ನೆತ್ತಿಯ ಮೇಲೆ ಕಂಬವೊಂದಕ್ಕೆ ಕ್ಯಾಮೆರಾವನ್ನು ಬಿಗಿಯುತ್ತಿದ್ದರು. ಹಿಡಿಕೆಯನ್ನು ತಿರುಗಿಸಿದರೆ ಮೇಜು ಕೂದಲೆಳೆಯಷ್ಟು ಸರಿಯುತ್ತಿತ್ತು; ಇನ್ನೊಂದನ್ನು ತಿರುಗಿಸಿದರೆ ಕ್ಯಾಮೆರಾ ಕೆಳಗಿಳಿಯುತ್ತಿತ್ತು. ಒಂದು ಬಾರಿ ಸರಿಸುವುದು, ಒಂದು ಚಿತ್ರ ತೆಗೆಯುವುದು. ಮತ್ತೆ ಸರಿಸುವುದು, ಮತ್ತೊಂದು ತೆಗೆಯುವುದು. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಬಿಂಬಗಳು ಓಡುವುದರಿಂದ, ಹತ್ತು ಸೆಕೆಂಡುಗಳ ಚಲನೆಗೆ 240 ಬಾರಿ ಈ ಕ್ರಮವನ್ನು ಅನುಸರಿಸಬೇಕಾಗಿತ್ತು.

1957ರಲ್ಲಿ ಕೆನಡಾ ದೇಶದ ರಾಷ್ಟ್ರೀಯ ಚಲನಚಿತ್ರ ಮಂಡಲಿಯು 'ಸಿಟಿ ಆಫ್ ಗೋಲ್ಡ್' ಎಂಬ ಸಾಕ್ಷ್ಯಚಿತ್ರವನ್ನು ಹೊರತಂದಿತು. ಕಾಲಿನ್ ಲೋ ಮತ್ತು ವುಲ್ಫ್ ಕೋನಿಗ್ ಅದರ ನಿರ್ದೇಶಕರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಿನ್ನದ ಆಸೆಯಿಂದ ಡಾಸನ್ ನಗರಕ್ಕೆ ನುಗ್ಗಿದ ಜನರ ಕಥೆಯನ್ನು ಅವರು ಅಂದಿನ ಸ್ಥಿರಚಿತ್ರಗಳ ಮೂಲಕವೇ ಹೇಳಿದರು. ಕ್ಯಾಮೆರಾ ಎಲ್ಲಿಯೂ ತಡವರಿಸದೆ ಸಾಗಬೇಕೆಂದು ರೋಮನ್ ಕ್ರೋಯ್ಟರ್ ಎಂಬವರು ಅದರ ಚಲನೆಯನ್ನು ಮೊದಲೇ ಲೆಕ್ಕ ಹಾಕುವ ಸಾಧನವೊಂದನ್ನು ರೂಪಿಸಿದರು. ನಮ್ಮ ದೇಶದಲ್ಲಿ 1961ರಲ್ಲಿ ಸತ್ಯಜಿತ್ ರಾಯ್ ಅವರು ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಗಾಗಿ ನಿರ್ಮಿಸಿದ ಸಾಕ್ಷ್ಯಚಿತ್ರದಲ್ಲಿಯೂ ಹಳೆಯ ಛಾಯಾಚಿತ್ರಗಳಿಗೆ ಮುಖ್ಯ ಸ್ಥಾನವಿದೆ.

ಈ ವಿಧಾನವನ್ನು ಮನೆಮಾತಾಗಿಸಿದವರು ಅಮೆರಿಕದ ಕೆನ್ ಬರ್ನ್ಸ್. ಅಮೆರಿಕದ ಅಂತರ್ಯುದ್ಧವು 1861ರಿಂದ 1865ರವರೆಗೆ ನಡೆಯಿತು. ಆಗ ಛಾಯಾಚಿತ್ರವಿತ್ತು, ಚಲನಚಿತ್ರವಿರಲಿಲ್ಲ. ಬರ್ನ್ಸ್ ಅವರು 1990ರಲ್ಲಿ ಪ್ರಸಾರವಾದ ತಮ್ಮ ಸರಣಿಯಲ್ಲಿ ಆ ಯುದ್ಧದ ಸ್ಥಿರಚಿತ್ರಗಳ ಮೇಲೆ ಕ್ಯಾಮೆರಾವನ್ನು ಮೆಲ್ಲನೆ ನಡೆಸಿ, ಸತ್ತುಹೋದ ಕಾಲವನ್ನು ಕಣ್ಣೆದುರಿಗೆ ತಂದರು. 2003ರಲ್ಲಿ ಆಪಲ್ ಸಂಸ್ಥೆಯು 'ಐಮೂವಿ' ಎಂಬ ತನ್ನ ತಂತ್ರಾಂಶದಲ್ಲಿ ಇದೇ ಚಲನೆಯನ್ನು ಗಣಕಯಂತ್ರವೇ ಮಾಡುವಂತೆ ಅಳವಡಿಸಿ, ಅದಕ್ಕೆ ಬರ್ನ್ಸ್ ಅವರ ಹೆಸರನ್ನೇ ಇಟ್ಟಿತು. ಅಲ್ಲಿಂದೀಚೆಗೆ 'ಕೆನ್ ಬರ್ನ್ಸ್ ಪರಿಣಾಮ' ಎಂಬ ಮಾತು ಜಗತ್ತಿನಲ್ಲೆಲ್ಲ ಬಳಕೆಗೆ ಬಂದಿತು.

ಈಗ ಯಂತ್ರದ ಒಳಗಿನ ಲೆಕ್ಕವನ್ನು ನೋಡೋಣ. ಖಾನಾಪುರದ ಶಾಲೆಯೊಂದರ ವಿದ್ಯಾರ್ಥಿಗಳು ತಮ್ಮ ತಾಲ್ಲೂಕನ್ನು ಪರಿಚಯಿಸುವ ಚಿತ್ರಮಾಲಿಕೆಯನ್ನು ತಯಾರಿಸಲು ಹೊರಟರೆಂದು ಊಹಿಸಿಕೊಳ್ಳಿ. ಮಲಪ್ರಭೆ ಹುಟ್ಟುವ ಕಣಕುಂಬಿ, ಕದಂಬರ ಹಲಸಿ, ಸಂಗೊಳ್ಳಿ ರಾಯಣ್ಣನ ಸಮಾಧಿಯಿರುವ ನಂದಗಡ, ಭೀಮಗಡದ ಕಾಡು, ಖಾನಾಪುರದ ಹೆಸರುವಾಸಿಯಾದ ಕುಂಬಾರಿಕೆ ಇವೆಲ್ಲ ಸೇರಿ 60 ಛಾಯಾಚಿತ್ರಗಳಾದವು. ಒಂದೊಂದನ್ನೂ ಆರು ಸೆಕೆಂಡು ತೋರಿಸಿದರೆ ಒಟ್ಟು ಆರು ನಿಮಿಷ. ವಿಡಿಯೋದಲ್ಲಿ ಸೆಕೆಂಡಿಗೆ 25 ಬಿಂಬಗಳೆಂದು ಇಟ್ಟುಕೊಂಡರೆ, ಒಂದು ಛಾಯಾಚಿತ್ರಕ್ಕೆ 150 ಬಿಂಬಗಳು. ಅರವತ್ತಕ್ಕೆ 9000 ಬಿಂಬಗಳು. ಇಷ್ಟನ್ನೂ ಕೈಯಿಂದ ಮಾಡಹೊರಟರೆ ಶಾಲೆಯ ವರ್ಷವೇ ಮುಗಿದುಹೋದೀತು. ಗಣಕಯಂತ್ರದ ನೆರವು ಬೇಕಾಗುವುದು ಇಲ್ಲಿಯೇ.

ಒಂದು ದಪ್ಪ ಕಾಗದದಲ್ಲಿ ಕಿಟಕಿಯಂತೆ ಆಯತಾಕಾರದ ರಂಧ್ರವನ್ನು ಕತ್ತರಿಸಿ, ಅದನ್ನು ದೊಡ್ಡ ಚಿತ್ರವೊಂದರ ಮೇಲಿಟ್ಟು ಸರಿಸಿ ನೋಡಿ. ಗಣಕಯಂತ್ರ ಮಾಡುವುದೂ ಇದನ್ನೇ. ಚಿತ್ರದ ಮೇಲೆ ಅದು ಒಂದು ಕಲ್ಪಿತ ಚೌಕಟ್ಟನ್ನು ಇಡುತ್ತದೆ. ಚೌಕಟ್ಟಿನೊಳಗೆ ಬಿದ್ದ ಭಾಗವನ್ನು ಮಾತ್ರ ತೆಗೆದು ಪರದೆಯ ತುಂಬ ಹರಡುತ್ತದೆ. ಚೌಕಟ್ಟು ಪಕ್ಕಕ್ಕೆ ಸರಿದರೆ ಪ್ಯಾನ್. ಕಿರಿದಾದರೆ ಚಿತ್ರ ಹತ್ತಿರ ಬಂದಂತೆ, ಹಿರಿದಾದರೆ ದೂರ ಸರಿದಂತೆ ಕಾಣುವುದು. ಆದುದರಿಂದ ಯಂತ್ರಕ್ಕೆ ನಾವು ಹೇಳಬೇಕಾದುದು ಮೂರೇ ಸಂಗತಿ: ಮೊದಲ ಚೌಕಟ್ಟು ಎಲ್ಲಿ, ಕೊನೆಯ ಚೌಕಟ್ಟು ಎಲ್ಲಿ, ನಡುವಣ ಕಾಲವೆಷ್ಟು. ಮಿಕ್ಕ 148 ಚೌಕಟ್ಟುಗಳನ್ನು ಅದು ತಾನೇ ಲೆಕ್ಕ ಹಾಕಿ ತುಂಬುತ್ತದೆ.

ಆದರೆ ಹೇಗೆ ತುಂಬಬೇಕು ಎಂಬುದರಲ್ಲಿ ಒಂದು ಸ್ವಾರಸ್ಯವಿದೆ. ಗಣಕಯಂತ್ರದ ಚಿತ್ರವು ಸಣ್ಣ ಸಣ್ಣ ಬಿಂದುಗಳಿಂದಾದುದು. ಇವುಗಳಿಗೆ ಪಿಕ್ಸೆಲ್ ಎಂದು ಹೆಸರು. ಮೊದಲ ಚೌಕಟ್ಟಿನ ಅಗಲ 6000 ಬಿಂದು, ಕೊನೆಯದರ ಅಗಲ 2000 ಬಿಂದು ಎಂದು ಭಾವಿಸೋಣ. ಪ್ರತಿ ಸಲವೂ ಸಮನಾದ ಮೊತ್ತವನ್ನು ಕಳೆಯುತ್ತ ಹೋದರೆ ಅರ್ಧ ಕಾಲಕ್ಕೆ ಅಗಲವು 4000 ಆಗುತ್ತದೆ. ಆಗ ಮೊದಲರ್ಧದಲ್ಲಿ ಚಿತ್ರ ಒಂದೂವರೆ ಪಟ್ಟು ಹಿಗ್ಗಿತು; ಎರಡನೆಯ ಅರ್ಧದಲ್ಲಿ 4000ದಿಂದ 2000ಕ್ಕೆ, ಎಂದರೆ ಎರಡು ಪಟ್ಟು ಹಿಗ್ಗಿತು. ಲೆಕ್ಕದಲ್ಲಿ ಸಮವೇಗ, ಕಣ್ಣಿಗೆ ಮಾತ್ರ ಚಿತ್ರವು ಕೊನೆಕೊನೆಗೆ ಮೇಲೆ ಬಿದ್ದಂತೆ ಭಾಸವಾಗುತ್ತದೆ! ಏಕೆಂದರೆ ಹಿಗ್ಗುವಿಕೆಯನ್ನು ಕಣ್ಣು ಅಳೆಯುವುದು ವ್ಯತ್ಯಾಸದಿಂದಲ್ಲ, ಅನುಪಾತದಿಂದ. ಪ್ರತಿ ಸಲವೂ ಸಮನಾದ ಅನುಪಾತದಲ್ಲಿ ಕುಗ್ಗಿಸಿದರೆ ಅರ್ಧ ಕಾಲಕ್ಕೆ ಅಗಲವು ಸುಮಾರು 3464 ಆಗುತ್ತದೆ. ಎರಡೂ ಅರ್ಧಗಳಲ್ಲಿ ಚಿತ್ರವು ಸುಮಾರು 1.73 ಪಟ್ಟು ಹಿಗ್ಗುತ್ತದೆ. ನೋಟ ಹದವಾಗಿ ಸಾಗುತ್ತದೆ. ಮೊದಲನೆಯದು ಸಮಾಂತರ ಶ್ರೇಢಿ, ಎರಡನೆಯದು ಗುಣೋತ್ತರ ಶ್ರೇಢಿ. ಗಣಿತದ ಈ ಎರಡು ಶ್ರೇಢಿಗಳ ಅಂತರವನ್ನು ಕಣ್ಣಾರೆ ಕಾಣಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇನ್ನೊಂದು ಸೂಕ್ಷ್ಮವಿದೆ. ಬೆಳಗಾವಿಯ ನಿಲ್ದಾಣದಿಂದ ಖಾನಾಪುರಕ್ಕೆ ಹೊರಡುವ ರೈಲನ್ನು ನೆನೆಯಿರಿ. ಅದು ನಿಂತಲ್ಲಿಂದ ಒಮ್ಮೆಲೇ ಓಡುವುದಿಲ್ಲ. ಮೆಲ್ಲನೆ ಕದಲಿ, ಬರಬರುತ್ತ ವೇಗ ಪಡೆದು, ಖಾನಾಪುರ ಸಮೀಪಿಸಿದಂತೆ ವೇಗ ತಗ್ಗಿಸಿ ಸದ್ದಿಲ್ಲದೆ ನಿಲ್ಲುತ್ತದೆ. ಹಾಗಲ್ಲದೆ ತಟ್ಟನೆ ಹೊರಟು ತಟ್ಟನೆ ನಿಂತರೆ ಒಳಗಿರುವವರು ಮುಗ್ಗರಿಸುತ್ತಾರೆ. ನೋಟದ ಪಯಣಕ್ಕೂ ಇದೇ ನಿಯಮ ಸಲ್ಲುತ್ತದೆ. ಇದಕ್ಕಾಗಿ ಬಳಸುವ ಸೂತ್ರಗಳಲ್ಲಿ ಒಂದು ಬಹಳ ಸರಳವಾದುದು. ಒಟ್ಟು ಕಾಲದಲ್ಲಿ ಕಳೆದುಹೋದ ಭಾಗವನ್ನು 'ಕ' ಎಂದು ಕರೆದರೆ, ಸಾಗಿರಬೇಕಾದ ದೂರದ ಭಾಗವು 3ಕ² − 2ಕ³. ಕಾಲು ಭಾಗ ಸಮಯ ಕಳೆದಾಗ ದೂರವು ಕೇವಲ 0.156ರಷ್ಟು, ಅರ್ಧ ಸಮಯಕ್ಕೆ ಸರಿಯಾಗಿ ಅರ್ಧ, ಮುಕ್ಕಾಲು ಸಮಯಕ್ಕೆ 0.844ರಷ್ಟು. ಆರಂಭದಲ್ಲಿಯೂ ಅಂತ್ಯದಲ್ಲಿಯೂ ನಿಧಾನ, ನಡುವೆ ವೇಗ. ನೀವೇ ಲೆಕ್ಕ ಮಾಡಿ ಇದನ್ನು ತಾಳೆ ನೋಡಬಹುದು.

ಇಷ್ಟಾದರೂ ಕೆಲವು ವಿಡಿಯೋಗಳಲ್ಲಿ ಚಿತ್ರವು ಸಣ್ಣಗೆ ನಡುಗುವುದನ್ನು ನೀವು ಕಂಡಿರಬಹುದು. ಇದಕ್ಕೆ ಕಾರಣ ಬಿಂದುಗಳ ಲೆಕ್ಕದಲ್ಲಿಯೇ ಇದೆ. ಚೌಕಟ್ಟು 150 ಬಿಂಬಗಳ ಅವಧಿಯಲ್ಲಿ 30 ಬಿಂದುಗಳಷ್ಟು ಸರಿಯಬೇಕಾಗಿದೆ ಎನ್ನೋಣ. ಒಂದು ಬಿಂಬಕ್ಕೆ ಬಿಂದುವಿನ ಐದನೆಯ ಒಂದು ಭಾಗವಾಯಿತು. ಚೌಕಟ್ಟನ್ನು ಪೂರ್ಣ ಬಿಂದುವಿನ ಮೇಲೆಯೇ ಇಡಬೇಕೆಂಬ ಕಟ್ಟುಪಾಡು ಯಂತ್ರಕ್ಕಿದ್ದರೆ, ಐದು ಬಿಂಬಗಳವರೆಗೆ ಅದು ನಿಂತಲ್ಲಿಯೇ ನಿಂತು, ಆರನೆಯದಕ್ಕೆ ಒಂದು ಬಿಂದು ಜಿಗಿಯುತ್ತದೆ. ನಿಲ್ಲುವುದು, ಜಿಗಿಯುವುದು, ಇದೇ ಆ ನಡುಕ. ಚಿತ್ರವನ್ನು ಮೊದಲೇ ಐದು ಪಟ್ಟು ಹಿಗ್ಗಿಸಿಕೊಂಡರೆ 30 ಬಿಂದುಗಳು 150 ಆಗುತ್ತವೆ. ಪ್ರತಿ ಬಿಂಬಕ್ಕೂ ಒಂದು ಪೂರ್ಣ ಬಿಂದುವಿನ ನಡೆ ದೊರೆಯುತ್ತದೆ. ಬಳಿಕ ಪರದೆಯ ಅಳತೆಗೆ ಕುಗ್ಗಿಸಿದರೆ ನಡುಕ ಮಾಯವಾಗುತ್ತದೆ. 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಎಂಬ ಫ್ರೆಂಚ್ ತಂತ್ರಜ್ಞರು ಆರಂಭಿಸಿದ 'ಎಫ್‌ಎಫ್‌ಎಂಪೆಗ್' ಎಂಬ ಮುಕ್ತ ತಂತ್ರಾಂಶದಲ್ಲಿ ಪ್ಯಾನ್ ಮತ್ತು ಜೂಮ್‌ಗಳಿಗೆಂದೇ ಒಂದು ಉಪಕರಣವಿದೆ. ಅದನ್ನು ಬಳಸುವವರು ಈ ಉಪಾಯವನ್ನು ಅನುಸರಿಸುವುದುಂಟು.

ಚಿತ್ರದಲ್ಲಿ ಇಲ್ಲದುದನ್ನು ಹಿಗ್ಗಿಸಿ ಪಡೆಯಲಾಗದು ಎಂಬುದನ್ನೂ ಮರೆಯಬಾರದು. ಇಂದಿನ ಸಾಮಾನ್ಯ ಪರದೆಯ ಅಗಲ 1920 ಬಿಂದು, ಎತ್ತರ 1080 ಬಿಂದು. ಮನೆಯ ಪೆಟ್ಟಿಗೆಯಲ್ಲಿ ಸಿಕ್ಕ ಆರು ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರದ ಹಳೆಯ ಫೋಟೋವನ್ನು ಅಂಗುಲಕ್ಕೆ 300 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಅಗಲವು 1800 ಬಿಂದು ಮಾತ್ರ. ಅದು ಪರದೆಗೇ ಸಾಲದು. ಹತ್ತಿರಕ್ಕೆ ಹೋದಂತೆಲ್ಲ ಮುಖಗಳು ಮಂಜಾಗುತ್ತವೆ. ಅಂಗುಲಕ್ಕೆ 1200 ಬಿಂದುಗಳಂತೆ ಮಾಡಿದರೆ ಅಗಲವು 7200 ಬಿಂದು ಆಗುತ್ತದೆ. ಆಗ ಸುಮಾರು ಮೂರೂಮುಕ್ಕಾಲು ಪಟ್ಟು ಹತ್ತಿರಕ್ಕೆ ಹೋದರೂ ಬಿಂದುಗಳ ಕೊರತೆಯಾಗದು. ಮೂಲ ಫೋಟೋವೇ ಮಸುಕಾಗಿದ್ದರೆ ಮಾತ್ರ ಯಾವ ಸ್ಕ್ಯಾನೂ ಅದನ್ನು ತಿಳಿಯಾಗಿಸದು. ಇನ್ನು ಫೋಟೋದ ಆಕಾರವೂ ಪರದೆಯ ಆಕಾರವೂ ಒಂದೇ ಅಲ್ಲ. 6000 ಅಗಲ, 4000 ಎತ್ತರದ ಚಿತ್ರವನ್ನು ಪರದೆಯ ತುಂಬ ಹರಡಿದರೆ ಎತ್ತರದಲ್ಲಿ 3375 ಸಾಲುಗಳಿಗೆ ಮಾತ್ರ ಎಡೆ. 625 ಸಾಲುಗಳು ಹೊರಗೆ ಉಳಿಯುತ್ತವೆ. ಯಂತ್ರವನ್ನು ಅದರ ಪಾಡಿಗೆ ಬಿಟ್ಟರೆ ನಿಂತವರ ತಲೆಯೋ ಕುಳಿತವರ ಪಾದವೋ ಕತ್ತರಿಸಿಹೋಗುವುದು ಇದರಿಂದಲೇ.

ಇಲ್ಲಿಯವರೆಗೆ ಹೇಳಿದುದೆಲ್ಲ ಲೆಕ್ಕ. ಲೆಕ್ಕದಲ್ಲಿ ಯಂತ್ರವು ನಮ್ಮನ್ನು ಮೀರಿಸುತ್ತದೆ. ಅದು ದಣಿಯುವುದಿಲ್ಲ, ತಪ್ಪುವುದಿಲ್ಲ. ಆದರೆ ಮೊದಲ ಚೌಕಟ್ಟು ಎಲ್ಲಿರಬೇಕು, ಕೊನೆಯದು ಎಲ್ಲಿರಬೇಕು ಎಂಬುದನ್ನು ನಿರ್ಧರಿಸುವವರು ಯಾರು? ಇದನ್ನೂ ಯಂತ್ರಕ್ಕೇ ಬಿಡುವ ಪ್ರಯತ್ನಗಳು ನಡೆದಿವೆ. ಅತ್ಯಂತ ಸುಲಭವಾದ ಕ್ರಮವೆಂದರೆ ಚೀಟಿ ಎತ್ತಿದಂತೆ ಮನಬಂದ ಕಡೆಗೆ ಚೌಕಟ್ಟನ್ನು ಓಡಿಸುವುದು. ಅದಕ್ಕಿಂತ ಉತ್ತಮವಾದುದು ಮುಖಗಳನ್ನು ಗುರುತಿಸಿ ಅವುಗಳತ್ತ ಹೋಗುವುದು. ಕಣ್ಣುಗಳ ಭಾಗ ಕೆನ್ನೆಗಿಂತ ಕಪ್ಪಾಗಿಯೂ, ಮೂಗಿನ ದಂಡೆ ಕಣ್ಣುಗಳಿಗಿಂತ ಬೆಳ್ಳಗೂ ಕಾಣುತ್ತವೆ. ಇಂತಹ ಬೆಳಕು ನೆರಳುಗಳ ಜೋಡಣೆಯನ್ನು ಹುಡುಕಿ ಮುಖವನ್ನು ಬಲು ಬೇಗ ಪತ್ತೆಹಚ್ಚುವ ವಿಧಾನವೊಂದನ್ನು ಪಾಲ್ ವಯೋಲಾ ಮತ್ತು ಮೈಕೇಲ್ ಜೋನ್ಸ್ ಎಂಬ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಇನ್ನೂ ಸಮರ್ಥವಾದ ವಿಧಾನಗಳು ಬಂದಿವೆ.

ಆದರೂ ಖಾನಾಪುರದ ವಿದ್ಯಾರ್ಥಿಗಳ ಚಿತ್ರವೊಂದನ್ನು ಇಂತಹ ಯಂತ್ರದ ಕೈಗೆ ಕೊಟ್ಟು ನೋಡಿ. ಕುಂಬಾರನೊಬ್ಬ ತಿಗರಿಯ ಮೇಲೆ ಬಾಗಿ ಮಡಕೆಯ ಕಂಠವನ್ನು ತಿದ್ದುತ್ತಿದ್ದಾನೆ. ಅವನ ಮುಖ ಕೆಳಕ್ಕೆ ಬಾಗಿರುವುದರಿಂದ ಕಣ್ಣುಗಳು ಕಾಣುತ್ತಿಲ್ಲ. ಹಿಂದೆ ನಿಂತ ದಾರಿಹೋಕನೊಬ್ಬ ಮಾತ್ರ ಕ್ಯಾಮೆರಾವನ್ನು ನೆಟ್ಟ ನೋಟದಿಂದ ನೋಡುತ್ತಿದ್ದಾನೆ. ಯಂತ್ರವು ಕುಂಬಾರನನ್ನು ಬಿಟ್ಟು ಆ ದಾರಿಹೋಕನ ಬಳಿಗೆ ಹೋಗುತ್ತದೆ! ತಿಳಿದವರು ಮಾಡುವುದೇ ಬೇರೆ. ಅವರು ಹಸಿ ಮಣ್ಣನ್ನು ಒತ್ತಿ ಹಿಡಿದ ಬೆರಳುಗಳಿಂದ ಆರಂಭಿಸಿ, ಮಡಕೆ, ತಿಗರಿ, ಬಾಗಿದ ಬೆನ್ನು ಒಂದೊಂದಾಗಿ ಕಾಣುವಂತೆ ಚೌಕಟ್ಟನ್ನು ನಿಧಾನವಾಗಿ ಹಿರಿದುಗೊಳಿಸುತ್ತಾರೆ. ಮೊದಲು ಕೆಲಸ, ಆಮೇಲೆ ಕೆಲಸಗಾರ. ಆ ಚಿತ್ರದ ಅರ್ಥವಿರುವುದೇ ಆ ಕ್ರಮದಲ್ಲಿ.

ಹಲಸಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಒಂದಕ್ಕೊಂದು ಎದುರಾಗಿವೆ. ಎರಡರ ಚಿತ್ರಗಳೂ ನಮ್ಮಲ್ಲಿವೆ ಎನ್ನೋಣ. ಮೊದಲನೆಯದರಲ್ಲಿ ಚೌಕಟ್ಟನ್ನು ಎಡದಿಂದ ಬಲಕ್ಕೂ ಎರಡನೆಯದರಲ್ಲಿ ಬಲದಿಂದ ಎಡಕ್ಕೂ ನಡೆಸಿದರೆ, ಅವು ಎದುರುಬದುರಾಗಿರುವ ಭಾವವು ನೋಡುವವರ ಮನಸ್ಸಿನಲ್ಲಿ ಮೂಡುತ್ತದೆ. ಈ ದಿಕ್ಕನ್ನು ಸೂಚಿಸುವುದು ಬಿಂದುಗಳ ಲೆಕ್ಕವಲ್ಲ. ಆ ಗುಡಿಯೊಳಗೆ ನಿಂತು ಒಮ್ಮೆ ಇತ್ತ, ಒಮ್ಮೆ ಅತ್ತ ತಿರುಗಿ ಕೈಮುಗಿದವರ ಅನುಭವ.

ಮತ್ತೆ 1924ರ ಬೆಳಗಾವಿಗೆ ಬರೋಣ. ಅಂದಿನ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದವರ ಗುಂಪಿನಲ್ಲಿ ಹನ್ನೊಂದು ವರ್ಷದ ಬಾಲಕಿಯೊಬ್ಬಳಿದ್ದಳು. ಆಕೆಯೇ ಮುಂದೆ ಹಿಂದುಸ್ತಾನಿ ಸಂಗೀತದ ಮಹಾ ಗಾಯಕಿಯಾಗಿ, 2002ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗೆ ಪಾತ್ರರಾದ ಗಂಗೂಬಾಯಿ ಹಾನಗಲ್. ಆ ಗುಂಪಿನ ಚಿತ್ರವೊಂದು ನಮ್ಮ ಕೈಗೆ ಸಿಕ್ಕಿತೆಂದು ಭಾವಿಸಿ. ಯಂತ್ರದ ಪಾಲಿಗೆ ಆ ಬಾಲಕಿ ಹತ್ತಾರು ಮುಖಗಳಲ್ಲಿ ಒಂದು ಮುಖ. ಒಂದು ವೇಳೆ ಅಂಚಿನಲ್ಲಿ ನಿಂತಿದ್ದರೆ ಚೌಕಟ್ಟಿನ ಹೊರಗೆ ಉಳಿದುಹೋಗುವ ಮುಖ. ಅವಳತ್ತ ನೋಟವನ್ನು ಕರೆದೊಯ್ಯಬಲ್ಲವರು ಚರಿತ್ರೆಯನ್ನು ಬಲ್ಲವರು ಮಾತ್ರ. ಅಂತೆಯೇ ಬಾವಿ ತೋಡಿದವರು, ಅಡಿಗೆ ಮಾಡಿದವರು, ಚಪ್ಪರ ಕಟ್ಟಿದವರು ಎಲ್ಲರೂ ಚಿತ್ರಗಳ ನಡುವೆ ಇರುವುದಿಲ್ಲ, ಇದ್ದರೆ ಅಂಚಿನಲ್ಲಿರುತ್ತಾರೆ. ನೋಟವು ಸದಾ ನಡುವಿನಲ್ಲೇ ನಿಂತರೆ ಚರಿತ್ರೆಯಲ್ಲಿಯೂ ಅವರು ಅಂಚಿನಲ್ಲೇ ಉಳಿಯುತ್ತಾರೆ.

ಚೌಕಟ್ಟಿಗೆ ಇನ್ನೊಂದು ಶಕ್ತಿಯೂ ಇದೆ. ಅದು ತೋರಿಸುವಂತೆಯೇ ಮರೆಮಾಡಬಲ್ಲುದು. ಒಟ್ಟಿಗೆ ನಿಂತ ಇಬ್ಬರಲ್ಲಿ ಒಬ್ಬರನ್ನು ಹೊರಗಿಟ್ಟು ಇನ್ನೊಬ್ಬರನ್ನು ಮಾತ್ರ ತೋರಿಸಿದರೆ, ಚಿತ್ರದ ಒಂದು ಬಿಂದುವನ್ನೂ ಬದಲಿಸದೆ ಸುಳ್ಳು ಹೇಳಿದಂತಾಗುತ್ತದೆ. ಆದುದರಿಂದ ಚಲನೆಯ ಆದಿಯಲ್ಲಾಗಲಿ ಅಂತ್ಯದಲ್ಲಾಗಲಿ ಒಮ್ಮೆಯಾದರೂ ಇಡೀ ಚಿತ್ರವನ್ನು ತೋರಿಸುವುದು ಒಳ್ಳೆಯ ಸಂಪ್ರದಾಯ. ಆಗ ನೋಡುವವನು ತನ್ನ ಕಣ್ಣಿನಿಂದಲೇ ಅದನ್ನು ಪರೀಕ್ಷಿಸಿಕೊಳ್ಳಬಹುದು.

ಹೀಗೆ ಕೆಲಸವು ಎರಡು ಪಾಲಾಯಿತು. ಎಷ್ಟು ಸರಿಯಬೇಕು, ಯಾವ ವೇಗದಲ್ಲಿ ಸರಿಯಬೇಕು ಎಂಬ ದುಡಿಮೆ ಯಂತ್ರದ್ದು. ಅದನ್ನು ಸಂತೋಷದಿಂದ ಅದಕ್ಕೆ ಒಪ್ಪಿಸಬಹುದು. ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂಬ ಹೊಣೆ ನಮ್ಮದು. ಅದನ್ನು ಯಾರಿಗೂ ಒಪ್ಪಿಸಲಾಗದು. ಖಾನಾಪುರದ ವಿದ್ಯಾರ್ಥಿಗಳು 60 ಚಿತ್ರಗಳಿಗೆ 120 ಚೌಕಟ್ಟುಗಳನ್ನು ತಾವೇ ಗುರುತಿಸಿದರೆ ಸಾಕು. ಮಿಕ್ಕ 8880ನ್ನು ಯಂತ್ರ ತುಂಬಿಕೊಡುತ್ತದೆ. ಆದರೆ ಆ 120ನ್ನು ಗುರುತಿಸುವ ಮುನ್ನ ಅವರು ಪ್ರತಿಯೊಂದು ಚಿತ್ರದ ಮುಂದೆಯೂ ಸಾವಧಾನವಾಗಿ ಕುಳಿತು, ಇದರಲ್ಲಿರುವವರು ಯಾರು, ಏನು ಮಾಡುತ್ತಿದ್ದಾರೆ, ಯಾರನ್ನು ನಾವು ಇದುವರೆಗೆ ಗಮನಿಸಲಿಲ್ಲ ಎಂದು ಹಿರಿಯರನ್ನು ಕೇಳಬೇಕಾಗುತ್ತದೆ. ನಿಂತ ಚಿತ್ರಕ್ಕೆ ನಿಜವಾದ ನಡೆ ಬರುವುದು ಆ ಕೇಳುವಿಕೆಯಿಂದಲೇ.

ಅಭ್ಯಾಸ

1. ಪ್ಯಾನ್ ಮತ್ತು ಜೂಮ್ ಎಂದರೇನು? ಚೌಕಟ್ಟಿನ ಉದಾಹರಣೆಯಿಂದ ವಿವರಿಸಿರಿ.
2. ಸಮನಾದ ಮೊತ್ತವನ್ನು ಕಳೆಯುತ್ತ ಹೋದರೂ ಚಿತ್ರವು ಕೊನೆಯಲ್ಲಿ ವೇಗವಾಗಿ ಹಿಗ್ಗಿದಂತೆ ಕಾಣುವುದೇಕೆ?
3. ನೋಟದ ಚಲನೆಯನ್ನು ಲೇಖಕರು ರೈಲಿನ ಪಯಣಕ್ಕೆ ಹೋಲಿಸಿರುವುದು ಎಷ್ಟರಮಟ್ಟಿಗೆ ಸರಿ?
4. ವಿಡಿಯೋದಲ್ಲಿ ಚಿತ್ರ ನಡುಗುವುದಕ್ಕೆ ಕಾರಣವೇನು? ಅದಕ್ಕೆ ಪರಿಹಾರವೇನು?
5. 'ಚಿತ್ರದ ಒಂದು ಬಿಂದುವನ್ನೂ ಬದಲಿಸದೆ ಸುಳ್ಳು ಹೇಳಿದಂತಾಗುತ್ತದೆ.' ಈ ಮಾತಿನ ಸ್ವಾರಸ್ಯವನ್ನು ವಿವರಿಸಿರಿ.
6. ನಿಮ್ಮ ಮನೆಯಲ್ಲಿರುವ ಹಳೆಯ ಗುಂಪು ಚಿತ್ರವೊಂದನ್ನು ಆರಿಸಿಕೊಂಡು, ಅದರಲ್ಲಿರುವವರ ಬಗ್ಗೆ ಹಿರಿಯರನ್ನು ಕೇಳಿ ತಿಳಿದು, ಮೊದಲ ಚೌಕಟ್ಟು ಮತ್ತು ಕೊನೆಯ ಚೌಕಟ್ಟು ಎಲ್ಲಿರಬೇಕೆಂದು ಕಾರಣಸಹಿತ ಬರೆಯಿರಿ.